ಏಳನೆಯ ಎಲೆ

ಆ ದಿನ ಮಧ್ಯಾಹ್ನ ನಾಗಮ್ಮ ಹಿತ್ತಿಲ ಬಾಗಿಲಲ್ಲಿ ಕೂತು ಬಂಗಡೆ ಮೀನು ಕೊಯ್ಯುತ್ತಿದ್ದಳು. ಅವಳ ನಾದಿನಿ ಸೋಮಿ ಜಗಲಿಯ ತುದಿಯಲ್ಲಿ ಮೊರದ ಅಕ್ಕಿಯಿಂದ ಕಲ್ಲು ಆರಿಸುತ್ತಿದ್ದಳು. ನಾಗಮ್ಮನ ಗಂಡ ಮಾದ ಗೌಡ ಊಟಕ್ಕಿನ್ನೂ ಬಂದಿರಲಿಲ್ಲ. ಅಂಕೋಲೆಯ ಹತ್ತಿರದ ಪುನರ್ವಸತಿ ಕಾಲೊನಿಯಲ್ಲಿ ಅವರು ಮನೆ ಕಟ್ಟಿ ಏಳು ವರ್ಷವಾಗಿತ್ತು. ಕಾರವಾರದ ಕಡೆ ಗುಡ್ಡದ ಆಚೆಗಿದ್ದ ಅವರ ಹಳೆಯ ಊರು ಈಗ ನೌಕಾನೆಲೆಯ ಗೋಡೆಯೊಳಗೆ ಸೇರಿತ್ತು.

ಮಗಳು ಭಾರತಿ ಅಂಚೆಯ ಲಕೋಟೆ ಹಿಡಿದು ಓಡುತ್ತಲೇ ಬಂದಳು. ಅವಳು ಹೈಸ್ಕೂಲಿನಲ್ಲಿ ಪೌರನೀತಿ ಕಲಿಸುತ್ತಿದ್ದಳು. ಮಾಹಿತಿ ಹಕ್ಕಿನ ಕಾಯಿದೆ ಬಂದು ಎರಡು ವರ್ಷವಾಗಿತ್ತು. ಅರ್ಜಿ ಹಾಕುವುದು ಹೇಗೆಂದು ಮಕ್ಕಳಿಗೆ ತೋರಿಸಲು ಅವಳು ತಾನೇ ಒಂದು ಅರ್ಜಿ ಹಾಕಿದ್ದಳು. ನಿವೇಶನದ ಪಟ್ಟಿಯಲ್ಲಿ ಸೋಮತ್ತೆಯ ಹೆಸರು ಏಕಿಲ್ಲ ಎಂಬುದೇ ಅದರ ಪ್ರಶ್ನೆ.

"ಅತ್ತೆ, ಬಂತು ನೋಡು ಉತ್ತರ! ಸರಕಾರ ನಂಗೆ ಉತ್ತರ ಬರ್ದದೆ."

"ಓದು ಮಾರಾಯ್ತಿ. ನಿನ್ನ ಸರಕಾರ ಎಂತ ಹೇಳ್ತದೆ ಕೇಳ್ವ," ಎಂದು ಸೋಮಿ ನಕ್ಕಳು.

ಭಾರತಿ ನಿಂತಲ್ಲೇ ಗಟ್ಟಿಯಾಗಿ ಓದಿದಳು. ಅದು ಏಳು ವರ್ಷ ಹಿಂದಿನ ಒಂದು ಹೇಳಿಕೆಯ ನಕಲು. "ನನ್ನ ತಂಗಿ ಸೋಮಿ ಕೋಂ ಬೊಮ್ಮು ಗೌಡ, ಇವಳು ಮಯತಳಾಗಿರುತ್ತಾಳೆ. ತಂದೆಯ ಗದ್ದೆ ಮನೆಗಳಿಗೆ ನಾನೊಬ್ಬನೇ ವಾರಸುದಾರನು." ಕೆಳಗೆ ಮಾದ ಗೌಡನ ಸೊಟ್ಟ ಸಹಿ ಇತ್ತು. ಓದಿ ಮುಗಿದ ಮೇಲೆಯೇ ತಾನು ಏನು ಓದಿದೆನೆಂದು ಅವಳಿಗೆ ತಿಳಿದದ್ದು.

"ಮಯತ ಅಂದ್ರೆ?" ಸೋಮಿ ಕೇಳಿದಳು.

ನಾಗಮ್ಮ ಮೀನು ಕೊಯ್ಯುತ್ತಿದ್ದ ಕೈಯನ್ನು ಹಾಗೇ ಹಿಡಿದುಕೊಂಡಿದ್ದಳು.

"ಸತ್ತದ್ದು ಹೇಳ್ಯಾ?" ಸೋಮಿ ತಾನೇ ಹೇಳಿದಳು. ಸ್ವಲ್ಪ ಹೊತ್ತು ಅಕ್ಕಿಯಲ್ಲಿ ಬೆರಳಾಡಿಸಿದಳು. "ಯಾವ ದಿನ ಸತ್ತೆ ಹೇಳಿ ಬರ್ದಾನ್ಯಾ?"

"ದಿನ ಬರ್ದಿಲ್ಲ ಅತ್ತೆ."

"ಹಂಗಾರೆ ತಿಥಿ ಯಾವತ್ತು ಮಾಡೂದು?"

ಅವಳು ಮೊರವನ್ನು ಕೆಳಗಿಟ್ಟು ಎದ್ದು ಹೋದಳು. ಅದರ ನಂತರ ಅವಳ ಬಾಯಿಂದ ಮಾತು ಹೊರಡಲಿಲ್ಲ.

ಮರುದಿನದಿಂದ ಆ ಮನೆಯಲ್ಲಿ ವಿಚಿತ್ರವೊಂದು ಸುರುವಾಯಿತು. ಸೋಮಿ ಎಂದಿನಂತೆ ಎದ್ದು ಗುಡಿಸುವಳು, ನೀರು ತರುವಳು. ಆದರೆ ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಊಟಕ್ಕೆ ಒಳಗೆ ಬರುತ್ತಿರಲಿಲ್ಲ. ಹಿತ್ತಿಲಿನ ದಕ್ಷಿಣದ ಮೂಲೆಯಲ್ಲಿ ಕಾಗೆಗೆ ಅನ್ನ ಇಡುವ ಕಲ್ಲಿತ್ತು. ಅದರ ಬಳಿ ಬಾಳೆಎಲೆ ಹಾಸಿಕೊಂಡು ಬಡಿಸುವವರಿಗಾಗಿ ಕಾಯುವಳು. ಬಡಿಸಿದವರು ಬೆನ್ನು ತಿರುಗಿಸಿದ ಮೇಲೆಯೇ ಉಣ್ಣುವಳು. ನಾಗಮ್ಮ ಒಳಗೆ ಬಂದು ಮತ್ತೆ ಹಣಕಿದರೆ ಎಲೆ ಬರಿದಾಗಿರುತ್ತಿತ್ತು, ಸೋಮಿ ಅಲ್ಲಿರುತ್ತಿರಲಿಲ್ಲ. ಹೆಜ್ಜೆಯ ಸದ್ದು ಸಹ ಕೇಳುತ್ತಿರಲಿಲ್ಲ. ಸಂಜೆ ದೇವರ ದೀಪ ಹಚ್ಚುವಾಗ ಹಿಂದೆ ಯಾರೋ ನಿಂತಂತಾಗಿ ಮಾದ ತಿರುಗುವನು. ಬಾಗಿಲ ಹೊರಗೆ, ಬೆಳಕು ಎಲ್ಲಿ ಮುಗಿಯುವುದೋ ಸರಿಯಾಗಿ ಅಲ್ಲಿ, ತಂಗಿ ಕೈಮುಗಿದು ನಿಂತಿರುವಳು. ಒಳಗೆ ಬಾ ಎಂದರೆ ಬರಳು.

ನೆರೆಮನೆಯ ಕಾಮಿ ಬೇಲಿಯಾಚೆಯಿಂದ ನೋಡಿ ನಕ್ಕಿದ್ದಳು. "ಸತ್ತವ್ರು ಇಷ್ಟು ಚೊಲೊ ಅಂಗ್ಳ ಗುಡಿಸ್ತ್ರು ಹೇಳಾದ್ರೆ ನಮ್ಮನೆಗೂ ಒಂದು ಇರ್ಲಿ ನಾಗಕ್ಕಾ!" ಆದರೆ ನಾಲ್ಕು ದಿನ ಕಳೆದ ಮೇಲೆ ಅವಳೂ ನಗುವುದನ್ನು ಬಿಟ್ಟಳು. ಹೊತ್ತು ಮುಳುಗಿದ ಮೇಲೆ ಆ ಬೇಲಿಯ ಕಡೆ ಬರುವುದನ್ನೂ ಬಿಟ್ಟಳು.

ಭಾರತಿ ಒಂದು ಸಂಜೆ ತಂದೆಯ ಎದುರು ಕೂತಳು.

"ಎಂತಕ್ಕೆ ಬರ್ದೆ ಅಪ್ಪಾ?"

ಮಾದ ಹೆಗಲ ಟವೆಲು ಮಡಚಿ ತೊಡೆಯ ಮೇಲಿಟ್ಟ. "ಆಸೆಯಿಂದ ಬರ್ದದ್ದಲ್ಲ ಮಗಾ. ಅವ್ಳು ಆವಾಗ ಸುಂಕಸಾಳದಲ್ಲಿ, ಬಾಣಂತಿ ನೋಡೂಕೆ ಹೋಗಿದ್ಳು. ನಾಳೆ ಕಡೇ ದಿನ, ವಾರಸುದಾರ್ರು ಎಲ್ರೂ ಬಂದು ಸಹಿ ಹಾಕ್ಬೇಕು, ಇಲ್ಲದಿದ್ರೆ ಫೈಲು ನಿಂತೇ ಹೋತದೆ ಹೇಳಿ ಕಚೇರಿಲಿ ಹೇಳಿದ್ರು. ತಂಗಿ ಇದ್ದಾಳ್ಯಾ ಕೇಳ್ದಾಗ ಇಲ್ಲ ಅಂದೆ. ಊರಲ್ಲಿಲ್ಲ ಹೇಳೂಕೆ ಹೊರಟವ, ಅಲ್ಲಿಗೇ ನಿಲ್ಸಿದೆ. ಅವ್ರು ಬರ್ದ್ರು. ನಾ ಸಹಿ ಹಾಕ್ದೆ."

"ಆಮೇಲೆ ಏಳು ವರ್ಷ ಇತ್ತಲಾ?"

"ಇತ್ತು," ಎಂದ ಮಾದ. "ಆಮೇಲೆ ನಮಗೆ ಸಿಕ್ಕ ಎರಡನೇ ನಿವೇಶನ ನಿಮ್ಮಣ್ಣ ಉಮೇಶನ ಮನೆಗೆ ಬೇಕಾತು. ಅವ್ಳಿಗೆ ಎಂತಕ್ಕೆ ಬೇರೆ ಮನೆ? ಗಂಡ ಇಲ್ಲ, ಮಕ್ಕಳಿಲ್ಲ. ನಮ್ಮನೆಲೇ ಉಂಡ್ಕಂಡು ಇದ್ದಾಳೆ. ನಾ ಅವ್ಳನ್ನ ಒಂದಿನ ಹಸಿದು ಮಲಗ್ಸಿದ್ದು ಇದ್ದ್ಯಾ?"

"ಉಣ್ಣೂದು ಬೇರೆ, ಇರೂದು ಬೇರೆ ಅಪ್ಪಾ. ಅಜ್ಜನ ಗದ್ದೇಲಿ ಅತ್ತೆಗೂ ಪಾಲದೆ. ಕಾನೂನು ಬಿಟ್ಟು ಯಾರ ಆಸ್ತಿನೂ ಕಸಿಯೂಕಾಗ ಹೇಳಿ ಸಂವಿಧಾನದಲ್ಲದೆ. ಹೆಂಗಸ್ರಿಗೆ ಭೇದ ಮಾಡ್ಬಾರ್ದು ಹೇಳಿ ಜಗತ್ತಿನ ದೇಶ ಎಲ್ಲ ಸೇರಿ ಒಪ್ಪಂದ ಮಾಡ್ಕಂಡವೆ. ನಮ್ಮ ದೇಶವೂ ಅದಕ್ಕೆ ಒಪ್ಪಿ ಹದಿನಾಲ್ಕು ವರ್ಷ ಆತು."

ಮಾದನಿಗೆ ಸಿಟ್ಟು ಬಂತು. "ಜಗತ್ತೆಲ್ಲ ಸಹಿ ಹಾಕಿದ್ದು ನನ್ನ ಒಂದು ಸಹಿ ಎದ್ರಿಗ್ಯಾ? ದೇಶಕ್ಕೆ ಹಡಗ ಬೇಕು ಹೇಳ್ದ್ರು, ಊರು ಬಿಟ್ಟು ಎದ್ದೆ. ಆವಾಗ ನಿನ್ನ ಸಂವಿಧಾನ ನನ್ನ ಗದ್ದೆ ಬದಿಗೆ ಬಂದಿತ್ತ್ಯಾ?"

"ಬಂದಿತ್ತು ಅಪ್ಪಾ. ಅದಕ್ಕೇ ಅವ್ರು ನಿನ್ನ ಕೇಳ್ಕಂಡು ಬಂದದ್ದು, ಬದಲಿ ಜಾಗ ಕೊಟ್ಟದ್ದು. ಕಮ್ಮಿ ಕೊಟ್ರು ಹೇಳಿ ನೀ ಕೋರ್ಟಿಗೂ ಹೋದೆ. ಅತ್ತೆನ್ನ ಯಾರು ಕೇಳಿದ್ರು?"

ಮಾದ ಎದ್ದು ಅಂಗಳಕ್ಕೆ ಹೋದ. ಕಾಗೆಯ ಕಲ್ಲಿನ ಬಳಿ ಸೋಮಿ ಕೂತಿದ್ದಳು. ಅವನು ದಾರಿ ಬದಲಿಸಿ ಬೇರೆ ಕಡೆ ತಿರುಗಿದ.

ನೌಕಾನೆಲೆಯೊಳಗಿನ ಹಳೆಯ ಊರಿಗೆ ವರ್ಷದಲ್ಲಿ ಒಂದು ದಿನ ಹೋಗಲು ಅಪ್ಪಣೆಯಿತ್ತು. ಮಾದನ ಮನೆತನದವರು ಊರು ಬಿಟ್ಟರೂ ಅವರ ಹಿರಿಯರು ಹಳೆಯ ಒಲೆಯ ಜಾಗ ಬಿಟ್ಟು ಬರಲು ಒಪ್ಪಿರಲಿಲ್ಲ, ಕವಡೆ ಹಾಕಿ ಶಾಸ್ತ್ರ ಕೇಳಿದಾಗ ಹಾಗೆಂದೇ ಹೇಳಿಕೆಯಾಗಿತ್ತು. ಅದಕ್ಕಾಗಿ ಆ ದಿನ ಅಲ್ಲಿಗೇ ಹೋಗಿ ಎಡೆ ಇಡಬೇಕು. ಸತ್ತವರಿಗೆ ಒಬ್ಬೊಬ್ಬರಿಗೆ ಒಂದೊಂದು ಎಲೆ. ಹೆಸರು ಕರೆದು ಎಲೆ ಹಾಸಬೇಕು. ಎಣಿಸಿ ಒಯ್ದ ಎಲೆಯನ್ನು ಬಡಿಸದೆ ಮರಳಿ ತರಬಾರದು. ತಂದರೆ ಯಾರೋ ಹಸಿದು ಹಿಂದೆಯೇ ಬರುತ್ತಾರೆಂದು ನಂಬಿಕೆ.

ಪ್ರತಿ ವರ್ಷ ಮನೆ ಕಾಯಲು ಸೋಮಿಯನ್ನು ಬಿಟ್ಟು ಹೋಗುತ್ತಿದ್ದರು. ಅದೇಕೆಂದು ಈಗ ಭಾರತಿಗೆ ಅರ್ಥವಾಯಿತು. ಈ ವರ್ಷ ಎಲ್ಲರಿಗಿಂತ ಮೊದಲು ಸೋಮಿ ಟೆಂಪೊ ಹತ್ತಿ ಕೂತಿದ್ದಳು. ಎಲೆಯ ಸುರುಳಿಯನ್ನು ಅವಳೇ ಕಟ್ಟಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಇಳಿ ಎನ್ನಲು ಮಾದನಿಗೆ ಬಾಯಿ ಬರಲಿಲ್ಲ.

ಗೇಟಿನಲ್ಲಿ ಬಂದೂಕಿನ ಜವಾನರ ಪಕ್ಕ ಸಂದೇಶನೆಂಬ ಗುಮಾಸ್ತ ಪಟ್ಟಿ ಹಿಡಿದು ಹೆಸರು ಕೂಗುತ್ತಿದ್ದ. ಸೋಮಿಯ ಸರದಿ ಬಂದಾಗ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದ.

"ಬಾಯಿ, ನಿಮ್ಮ ಹೆಸರಿನ ಮುಂದೆ ಮಯತ ಅಂತ ಉಂಟು. ಒಳಗೆ ಬಿಡೂದಕ್ಕೆ ಆಗೂದಿಲ್ಲ."

ಸಾಲಿನಲ್ಲಿದ್ದ ಕಾಮಿ ತಡೆಯಲಾರದೆ ಅಂದಳು, "ಒಳಗೆ ಹೋಗೂದು ಸತ್ತವ್ರನ್ನ ಕಾಂಬೂಕೇ ಅಲ್ದಾ? ಹಂಗಾರೆ ಅವ್ಳೊಬ್ಳನ್ನೇ ಬಿಡ್ಬೇಕು, ನಮ್ಮನ್ನ ಹೊರಗೆ ನಿಲ್ಸ್ಬೇಕು."

ಯಾರೂ ನಗಲಿಲ್ಲ. ಸೋಮಿ ಎಲೆಯ ಸುರುಳಿಯನ್ನು ಅಣ್ಣನ ಕೈಗೆ ಕೊಟ್ಟು, ಗೋಡೆಯ ನೆರಳಿಗೆ ಹೋಗಿ ನಿಂತಳು. ಭಾರತಿ ಅವಳ ಬಳಿಯೇ ಉಳಿದಳು.

ಮಾದ, ನಾಗಮ್ಮ ಒಳಗೆ ನಡೆದರು. ಹಗಲು ಹನ್ನೊಂದು ಗಂಟೆಯಾದರೂ ಆ ಊರಿನಲ್ಲಿ ಒಂದು ಹಕ್ಕಿಯ ಸ್ವರವಿರಲಿಲ್ಲ. ಗೋಡೆಗಳು ಸೊಂಟದೆತ್ತರ ಉಳಿದಿದ್ದವು. ಸೂರಿಲ್ಲದ ಮನೆಗಳ ಹೊಸ್ತಿಲುಗಳು ಮಾತ್ರ ಯಾರೋ ಬೆಳಿಗ್ಗೆ ಒರೆಸಿದಂತೆ ನುಣುಪಾಗಿದ್ದವು. ಬಾವಿಗೆ ಕಬ್ಬಿಣದ ಜಾಲರಿ ಹಾಕಿದ್ದರು. ಅದರೊಳಗಿನಿಂದ ಕೊಡ ಮುಳುಗಿದಂಥ ಸದ್ದು ಬಂತು. ನಾಗಮ್ಮ ಗಂಡನ ತೋಳು ಹಿಡಿದಳು. ಮರಗಳ ಆಚೆ ಬೂದು ಬಣ್ಣದ ಹಡಗೊಂದು ಗುಡ್ಡದಂತೆ ನಿಂತಿತ್ತು.

ಹಳೆಯ ಒಲೆಯ ಮೂರು ಕಲ್ಲುಗಳ ಮುಂದೆ ಮಾದ ಮಂಡಿಯೂರಿದ. ಅಜ್ಜ, ಅಜ್ಜಿ, ಅಪ್ಪ, ಅವ್ವಿ, ಸಣ್ಣದರಲ್ಲೇ ತೀರಿಕೊಂಡ ತಮ್ಮ, ಹುಟ್ಟಿ ಮೂರು ದಿನಕ್ಕೆ ಹೋದ ತನ್ನ ಮೊದಲ ಮಗು. ಒಬ್ಬೊಬ್ಬರನ್ನೂ ಕರೆದು ಎಲೆ ಹಾಸಿದ. ನಾಗಮ್ಮ ಅನ್ನ, ವಡೆ, ಪಾಯಸ ಬಡಿಸಿದಳು. ಆರು ಎಲೆಗಳಾದವು.

ಅವನ ಕೈಯಲ್ಲಿ ಇನ್ನೊಂದು ಎಲೆ ಉಳಿದಿತ್ತು.

"ಏಳು ತಂದದ್ದ್ಯಾ?" ನಾಗಮ್ಮನ ಧ್ವನಿ ಸಣ್ಣದಾಯಿತು. "ಎಣಿಸಿದ್ದು ಯಾರು?"

ಎಣಿಸಿದವಳು ಗೋಡೆಯ ಆಚೆ ನಿಂತಿದ್ದಳು. ತಂದ ಎಲೆಯನ್ನು ಹಾಸಬೇಕು. ಹಾಸಬೇಕಾದರೆ ಹೆಸರು ಕರೆಯಬೇಕು. ಕಚೇರಿಯಲ್ಲಿ ಆ ಮಾತು ಎಷ್ಟು ಸುಲಭವಾಗಿ ಬಂದಿತ್ತು! ಅಲ್ಲಿ ಮೇಜಿತ್ತು, ಫ್ಯಾನು ತಿರುಗುತ್ತಿತ್ತು, ಕೇಳಿದವನು ಮುಖ ಎತ್ತಿರಲಿಲ್ಲ. ಇಲ್ಲಿ ಎದುರಿಗೆ ಅವ್ವಿಯ ಎಲೆ ಇತ್ತು. ಅದರ ಮೇಲಿನ ಅನ್ನದಿಂದ ಬಿಸಿ ಹಬೆ ಏಳುತ್ತಿತ್ತು. ಬೆಳಿಗ್ಗೆ ಆರಕ್ಕೆ ಬೇಯಿಸಿ ತಂದ ಅನ್ನ ಅದು. ಉಳಿದ ಐದು ಎಲೆಗಳಲ್ಲಿ ಹಬೆಯಿರಲಿಲ್ಲ.

ಮಾದ ಬಾಯಿ ತೆರೆದ. ಹೆಸರು ಹೊರಗೆ ಬರಲಿಲ್ಲ. ತಾನು ಕರೆದರೆ ಗೋಡೆಯ ಆಚೆಯಿಂದ ಅವಳು ಓ ಎಂದು ಎದ್ದು ಇಲ್ಲಿಗೆ ಬಂದು ಈ ಸಾಲಿನಲ್ಲಿ ಕೂತುಬಿಡುವಳೆಂಬ ಭಯ ಅವನ ಕಾಲಿನಿಂದ ಏರಿತು.

"ಅವ್ವಿ," ಎಂದು ಅವನು ನೆಲಕ್ಕೆ ಹಣೆ ಹಚ್ಚಿದ. "ಸೋಮಿ ಬದ್ಕಿದ್ದಾಳೆ. ನಾ ಸುಳ್ಳು ಹೇಳಿದ್ದೆ. ಅವ್ಳನ್ನ ಕರೀಬೇಡ."

ಅವನು ಎಷ್ಟು ಹೊತ್ತು ಹಾಗೇ ಇದ್ದನೋ. ಎದ್ದಾಗ ಎಲ್ಲ ಎಲೆಗಳ ಅನ್ನವೂ ತಣ್ಣಗಿತ್ತು. ಏಳನೆಯ ಎಲೆಯನ್ನು ಮಡಿಚದೆ, ಅಂಗೈ ಮೇಲೆ ಎಲ್ಲರಿಗೂ ಕಾಣುವಂತೆ ಹಿಡಿದು ಅವನು ಗೇಟಿಗೆ ಮರಳಿ ಬಂದ. ಕಾಮಿ ಹೌಹಾರಿ ಹಿಂದೆ ಸರಿದಳು. ಸೋಮಿ ಎಲೆಯನ್ನು ನೋಡಿದಳು. ಎಂಟು ದಿನಗಳ ಮೇಲೆ ಮೊದಲ ಸಲ ಅವಳ ತುಟಿ ಅಲುಗಿತು.

"ತಂದ ಎಲೆ ಹಿಂದೆ ತರೂಕಾಗ ಅಣ್ಣಾ. ದೋಷ ಬತ್ತದೆ."

"ಬರ್ಲಿ. ನಂಗೇ ಬರ್ಲಿ," ಎಂದ ಮಾದ. ಸಂದೇಶನ ಕಡೆಗೆ ತಿರುಗಿ, "ಬರ್ಕೊಳ್ಳಿ ರಾಯರೆ. ಇವ್ಳು ನನ್ನ ತಂಗಿ. ಜೀವ ಇದ್ದವ್ಳು," ಎಂದ.

"ನಾನು ಬರೆದರೆ ನಡೆಯೂದಿಲ್ಲ. ಕಾರವಾರದ ಕಚೇರಿಗೆ ಹೋಗಿ ಹೇಳಿ."

ಸೋಮವಾರ ಮಾದ, ಸೋಮಿ, ಭಾರತಿ ಮೂವರೂ ಕಾರವಾರಕ್ಕೆ ಹೋದರು. ಕಚೇರಿಯ ಅಧಿಕಾರಿ ಹಳೆಯ ಫೈಲು ತರಿಸಿ ನೋಡಿದ. "ಗೌಡರೆ, ಯೋಚನೆ ಮಾಡಿ ಹೇಳಿ. ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ನಿಮ್ಮ ಮೇಲೆ ಕೇಸು ಆಗಬಹುದು. ಎರಡನೇ ನಿವೇಶನ ಇವರ ಹೆಸರಿಗೆ ಹೋದೀತು. ಅಲ್ಲಿ ಮಗನ ಮನೆಗೆ ಪಾಯ ಹಾಕಿದ್ದೀರಿ ಅಂತ ಕೇಳಿದೆ."

"ಹಾಕಿದ್ದೆ," ಎಂದ ಮಾದ. "ಉಮೇಶನಿಗೆ ನಾನೇ ಹೇಳ್ತೆ. ನೀವು ಬರೀರಿ."

ಅಧಿಕಾರಿ ಬರೆದುಕೊಂಡ. ಮಾದ ಸಹಿ ಹಾಕಿದ. ನಂತರ ಕಾಗದವನ್ನು ಸೋಮಿಯ ಮುಂದೆ ಸರಿಸಿದರು. ಭಾರತಿ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದಳು. ಸೋಮಿ ಎರಡು ಸಲ ಓದಿಸಿ ಕೇಳಿದಳು, ಆಮೇಲೆ ಹೆಬ್ಬೆಟ್ಟು ಒತ್ತಿದಳು. ಪಟ್ಟಿ ತಿದ್ದಿ ಬರಲು ಇನ್ನು ಕೆಲವು ತಿಂಗಳು ಹಿಡಿಯುವುದೆಂದು ಅಧಿಕಾರಿ ಹೇಳಿದ.

"ಅಲ್ಲೀ ತನ್ಕ ನಾ ಸತ್ತವ್ಳೇ?" ಸೋಮಿ ಕೇಳಿದಳು.

ಅಧಿಕಾರಿ ಭಾರತಿಯ ಮುಖ ನೋಡಿದ.

ಅಂಕೋಲೆಯ ಬಸ್ಸಿನಲ್ಲಿ ನೂಕುನುಗ್ಗಲಿತ್ತು. ಮೂವರು ಕೂರುವ ಒಂದು ಸೀಟು ಸಿಕ್ಕಿತು. ಮಾದ ಮೊದಲು ಹತ್ತಿ ಅಭ್ಯಾಸದಂತೆ ಕಿಡಕಿಯ ಬಳಿ ಕೂತಿದ್ದ. ಸೋಮಿ ಹೆದ್ದಾರಿಯ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಅವನ ಮುಂದೆ ನಿಂತಳು.

"ಏಳು ಅಣ್ಣಾ. ಕಿಡಕಿ ಬದಿ ನಂಗೆ ಬೇಕು."

ಬಸ್ಸು ಹೊರಟೇಬಿಟ್ಟಿತ್ತು. ಮಾದ ಕಂಬಿ ಹಿಡಿದು ಎದ್ದು, ಅವಳಿಗೆ ಒಳಗೆ ಹೋಗಲು ದಾರಿ ಬಿಟ್ಟ.