ಬೆಳ್ಳಗೇ ಉಳಿದ ಸಾಲು

ಹೆಣ್ಣು ನೋಡಿ, ಉಪ್ಪಿಟ್ಟು ತಿಂದು, ಜಾತಕವೂ ಕೂಡಿದ ಮೇಲೆ ಮನೆದೇವರ ಹೆಸರು ಕೇಳಿದಾಗ ತೊಡಕು ಬಂತು. ಹೊಣಕೆರೆ ಕಡೆಯ ಹೆಣ್ಣಿನವರಿಗೂ ಹೇಮಗಿರಿ ಪಕ್ಕದ ಗಂಡಿನವರಿಗೂ ದೇವರು ಒಂದೇ. ಯಾವ ಕಾಲದಲ್ಲೋ ಒಂದೇ ಒಲೆಯಿಂದ ಬೇರೆಯಾದ ದಾಯಾದಿಗಳಿದ್ದರೂ ಇರಬಹುದು. ದಾಯಾದಿಗಳಾದರೆ ಹುಡುಗ ಹುಡುಗಿ ಅಣ್ಣ ತಂಗಿ. ಮದುವೆಯ ಮಾತು ಅಲ್ಲಿಗೆ ಮುಗಿದಂತೆ.

ಇಂಥದ್ದನ್ನು ಹೇಳಬೇಕಾದವರು ಎತ್ತಿನ ಜೊತೆ ಊರೂರು ತಿರುಗಿ ಮನೆತನಗಳ ಹೆಸರು ಒಪ್ಪಿಸುವ ಹೆಳವರು. ಅವರು ಈ ಕಡೆ ಬಂದು ನಾಲ್ಕು ವರ್ಷವಾಗಿತ್ತು. ಆದರೆ ತೀರಿಕೊಂಡ ಚಿಕ್ಕಯ್ಯ ಮೇಷ್ಟ್ರು ಹೆಳವರು ಹೇಳಿದ್ದನ್ನೆಲ್ಲ ಕಂಪ್ಯೂಟರಿಗೆ ಏರಿಸಿ ಒಂದು ಫ್ಲಾಪಿ ಬಿಟ್ಟುಹೋಗಿದ್ದರು. ಎರಡು ಮನೆತನದ ಹೆಸರು ಹೊಡೆದರೆ, ಮೂಲ ಒಂದೇ ಆಗಿದ್ದಲ್ಲಿ ಸಾಲು ಕೆಂಪಾಗುತ್ತದೆ, ಇಲ್ಲವಾದರೆ ಬೆಳ್ಳಗೇ ಉಳಿಯುತ್ತದೆ. ರಿಟೈರಾದ ಲೆಕ್ಕದ ಮೇಷ್ಟ್ರು ಹೊತ್ತನ್ನು ಹೀಗೂ ಕಳೆಯಬಹುದು.

ಅಂತೂ ೧೯೯೮ರ ಒಂದು ಗುರುವಾರ ಬೆಳಿಗ್ಗೆ ಎರಡೂ ಮನೆಯವರು ನಾಗಮಂಗಲದ ಬಸ್‌ಸ್ಟ್ಯಾಂಡ್ ಹಿಂದಿನ ಕಂಪ್ಯೂಟರ್ ಕ್ಲಾಸಿಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಬೆಂಚಿನ ಮೇಲೆ ಕೂತರು. ಅಲ್ಲಿ ಪಾಠ ಹೇಳುತ್ತಿದ್ದವಳು ಮದುವೆಯ ಹುಡುಗಿ ಸಹನಳೇ. ಹುಡುಗ ಸಿದ್ದಾರ್ಥ ಅವಳ ಹತ್ತಿರವೇ ಎರಡು ತಿಂಗಳ ಕೋರ್ಸನ್ನು ಐದು ತಿಂಗಳು ಕಲಿತಿದ್ದ. ಅವನು ಅಷ್ಟೇನೂ ದಡ್ಡನಲ್ಲ ಎಂಬುದು ಹಿರಿಯರಿಗೆ ಗೊತ್ತಿದ್ದಿದ್ದರೆ ಅನುಮಾನ ಬರುತ್ತಿತ್ತು. ಸಾಲು ಕೆಂಪಾದರೆ ಅವನು ಅಣ್ಣ. ರಾತ್ರಿಯಿಡೀ ಅದನ್ನೇ ನೆನೆದು ಸಹನ ನಿದ್ದೆ ಮಾಡಿರಲಿಲ್ಲ.

ಅವಳು ಫ್ಲಾಪಿ ಹಾಕಿ ಫೈಲು ತೆರೆಯಹೋದರೆ ಟಣ್ ಎಂದು ಸದ್ದಾಗಿ ಕಂಪ್ಯೂಟರಿನ ತೆರೆಯ ನಡುವೆ ಒಂದು ಚೌಕ ಎದ್ದು ನಿಂತಿತು.

"ಏನವ್ವ ಅದು, ಬಯ್ತಾ ಐತೆ?" ಎಂದಳು ಗಂಡಿನ ಅಜ್ಜಿ ಪುಟ್ಟತಾಯಮ್ಮ.

"ಹಳೇ ಫೈಲು ಅಜ್ಜಿ. ಇದರೊಳಗೆ ತಾನೇ ಕೆಲಸ ಮಾಡೋ ಮ್ಯಾಕ್ರೋ ಅಂತ ಒಂದೈತಂತೆ. ಅದರಿಂದ ಅಪಾಯ ಆಗ್ಬೋದು, ಅದನ್ನ ನಿಲ್ಸಿ ತೆಗೀಲಾ, ಓಡಕ್ಕೆ ಬುಟ್ಟು ತೆಗೀಲಾ, ಇಲ್ಲ ತೆಗೀಲೇಬೇಡ್ವಾ ಅಂತ ಕೇಳ್ತೈತೆ."

ಸಹನಳ ಅಪ್ಪ ತಿಮ್ಮರಾಜು ಬೆಂಚಿನಿಂದ ಅರ್ಧ ಎದ್ದ. "ಅಪಾಯ ಅಂತ ಅದೇ ಬಾಯ್ಬುಟ್ಟು ಯೋಳ್ತಾ ಐತಲ್ಲವ್ವ! ಸುಭಕಾರ್ಯಕ್ಕೆ ಕುಂತಿದ್ದೀವಿ. ನಿಲ್ಸ್ಬುಡು ಮೊದ್ಲು ಅದನ್ನ."

"ಊಂ, ನಿಲ್ಸ್ಬುಡು," ಎಂದಳು ಅಜ್ಜಿಯೂ.

ಸಾಲನ್ನು ಕೆಂಪು ಮಾಡುವುದೇ ಆ ಮ್ಯಾಕ್ರೋ. ನಿಲ್ಲಿಸಿದರೆ ಒಡಹುಟ್ಟಿದವರೂ ಬೆಳ್ಳಗೇ ಕಾಣುತ್ತಾರೆ. ಇದು ಸಹನಳಿಗೆ ಗೊತ್ತಿತ್ತು. ನಿಲ್ಲಿಸಿದರೆ ಏನಾಗುತ್ತದೆ ಅಂತ ಯಾರಾದರೂ ಕೇಳಲಿ ಎಂದು ಒಂದು ಗಳಿಗೆ ಕಾದಳು. ಯಾರೂ ಕೇಳಲಿಲ್ಲ. ಹಿರಿಯರ ಮಾತಿನಂತೆ ನಿಲ್ಲಿಸಿದಳು. ಇಷ್ಟು ವಿಧೇಯಳಾಗಿ ಅವಳು ಎಂದೂ ನಡೆದುಕೊಂಡಿರಲಿಲ್ಲ.

ಎರಡು ಮನೆತನದ ಹೆಸರು ಹೊಡೆದಳು. ಸಾಲು ಬೆಳ್ಳಗೇ ಇತ್ತು. ತಿಮ್ಮರಾಜು "ಸಿವನೇ" ಎಂದು ಟವಲಿನಲ್ಲಿ ಮುಖ ಒರೆಸಿಕೊಂಡ.

"ಇರಪ್ಪ," ಎಂದಳು ಪುಟ್ಟತಾಯಮ್ಮ. "ಈಗ ನಮ್ಮನೆ ಹಾಕು, ನಮ್ ಮೈದ ಚಿಕ್ಕಮಾದಯ್ಯನ ಮನೆ ಹಾಕು. ಒಂದೇ ತಟ್ಟೇಲಿ ಉಂಡೋರು ಅವ್ರು. ಕೆಂಪು ಬತ್ತದಾ ನೋಡಾಣ. ಸಂತೇಲಿ ತಕ್ಕಡೀನೂ ಒಂದ್ಸಲ ಬರಿದೇ ಎತ್ತಿ ನೋಡ್ತೀನಿ ನಾನು."

ಮ್ಯಾಕ್ರೋ ಇನ್ನೂ ನಿಂತೇ ಇತ್ತು. ಹೊಡೆದರೆ ಬೆಳ್ಳಗೆ ಬರುತ್ತದೆ. ಬಂದರೆ ಎಲ್ಲ ಬಯಲು.

"ನಿಂತೋಗ್ಬುಟ್ಟೈತೆ ಅಜ್ಜಿ. ಮುಚ್ಚಿ ತೆಗೀತೀನಿ."

ಮುಚ್ಚಿ ತೆಗೆದಳು. ಮತ್ತೆ ಟಣ್.

"ಇನ್ನೂ ಕ್ವಾಪ ಇಳಿದಿಲ್ವಾ ಅದ್ಕೆ?"

"ಪ್ರತಿ ಸಲಾನೂ ಇಂಗೇ ಅಜ್ಜಿ," ಎನ್ನುತ್ತ ಈ ಸಲ ಮ್ಯಾಕ್ರೋ ಓಡಲು ಬಿಟ್ಟಳು. ಚಿಕ್ಕಮಾದಯ್ಯನ ಮನೆಯ ಹೆಸರು ಎರಡು ಸಲ ತಪ್ಪಾಯಿತು. ಮೂರನೆಯ ಸಲ ಇಡೀ ಸಾಲು ಕೆಂಪಾಯಿತು.

ಪುಟ್ಟತಾಯಮ್ಮ ಕೈ ಮುಗಿದಳು. "ನಮ್ಗೆ ಕೆಂಪು, ಇವ್ರಿಗಿಲ್ಲ. ಮೇಷ್ಟ್ರು ಸತ್ಯವಂತ. ತಗಿ ತಿಮ್ಮರಾಜು, ಎಲೆ ಅಡಕೆ."

ಹಿರಿಯರು ತಟ್ಟೆಯ ಕಡೆ ತಿರುಗಿದರು. ಸಿದ್ದಾರ್ಥ ಕುರ್ಚಿಯ ಹಿಂದೆ ಬಂದು ಬಗ್ಗಿದ. "ನಮ್ದನ್ನ ಇನ್ನೊಂದ್ಸಲ ಹೊಡಿ. ನೋಡಕ್ಕೆ ಚೆಂದಾಗಿತ್ತು."

ಅವಳು ಕದಲಲಿಲ್ಲ. "ಆಗ ನೋಡಿದ್ದು ನೋಡಿದ್ದಲ್ಲ," ಎಂದಳು ತುಟಿ ಅಲ್ಲಾಡಿಸದೆ. "ಅದು ನಿಂತಿತ್ತು. ಯಾರನ್ನ ಹಾಕಿದ್ರೂ ಬೆಳ್ಳಗೇ ಬತ್ತಿತ್ತು. ಈಗ ಓಡ್ತಾ ಐತೆ. ಹೊಡೀಲಾ?"

ಅವನ ಮುಖದ ನಗು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತೆರೆಯ ಮೇಲಿನ ಕೆಂಪನ್ನು ನೋಡಿದ. ತಟ್ಟೆ ಬದಲಾಯಿಸಿಕೊಳ್ಳುತ್ತಿದ್ದ ಅಜ್ಜಿಯನ್ನು ನೋಡಿದ. ಆಮೇಲೆ ಅವಳ ಭುಜದ ಮೇಲಿಂದ ಕೈ ಚಾಚಿ ಕಂಪ್ಯೂಟರಿನ ಸ್ವಿಚ್ಚು ಆರಿಸಿದ.

"ಏನ್ಲಾ ಅದು, ಕರೆಂಟ್ ಹೋಯ್ತಾ?" ಎಂದಳು ಪುಟ್ಟತಾಯಮ್ಮ.

"ಊಂ ಅಜ್ಜಿ."

ಎಲ್ಲರ ತಲೆಯ ಮೇಲೂ ಫ್ಯಾನು ಗಿರಗಿರ ತಿರುಗುತ್ತಿತ್ತು. ಯಾರೂ ಕತ್ತೆತ್ತಲಿಲ್ಲ.