ಕಿತ್ತಳೆ ಜಾಕೆಟ್ಟಿನ ಇಬ್ಬರು ಹೆಂಗಸರು

ಜಾಕೆಟ್ಟಿನ ಉಪಾಯ ಅತ್ತಿಗೆಯದು. ಮನೆಯವರು ಬೆನ್ನ ಹಿಂದೆ ಅವರನ್ನು ದಂಡನಾಯಕಿ ಎಂದು ಕರೆಯುತ್ತಿದ್ದುದು ಸುಮ್ಮನೆ ಅಲ್ಲ. ಎರಡು ರಸ್ತೆ ಕೂಡುವಲ್ಲಿ, ಹಳೆಯ ಬಸ್ ತಂಗುದಾಣದ ಪಕ್ಕ, ಯಾರಿಗೂ ಬೇಡವಾದ ಮೂರು ಮೂಲೆಯ ಜಾಗವೊಂದಿತ್ತು. ಒಡೆದ ಬಕೆಟ್ಟು, ಸವೆದ ಟಯರು, ಹರಿದ ಹಾಸಿಗೆ ಎಲ್ಲ ಅಲ್ಲಿಗೇ ಬಂದು ಬೀಳುತ್ತಿದ್ದವು. ಅದನ್ನು ಹೂದೋಟ ಮಾಡಿಯೇ ತೀರಬೇಕೆಂದು ಅತ್ತಿಗೆ ಹಟ ಹಿಡಿದರು. ಪಾಲಿಕೆಗೆ ಅರ್ಜಿ ಕೊಟ್ಟರೆ ಮೊಮ್ಮಕ್ಕಳ ಕಾಲಕ್ಕೆ ಉತ್ತರ ಬರುತ್ತದೆ, ಕೇಳದೆ ನೆಟ್ಟುಬಿಡೋಣ ಎಂದರು. ಆ ಮಾತು ಕೇಳಿದ್ದೇ ನಾದಿನಿ ಎದ್ದುಹೋಗಿ ಬಾಗಿಲು ಹಾಕಿಕೊಂಡು ಬಂದಳು.

ಅವಳು ಪಠ್ಯಪುಸ್ತಕ ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದಳು. ಬೀಗ ಹಾಕಿದ ಮೇಲೂ ಎರಡು ಸಲ ಎಳೆದು ನೋಡುವ ಜೀವ.

"ಯಾರಾದ್ರೂ ಏನು ಮಾಡ್ತಿದ್ದೀರಿ ಅಂತ ಕೇಳಿದ್ರೆ?" ಎಂದಳು.

"ಕೇಳಲ್ಲ ಕಣೇ. ಇದನ್ನ ಹಾಕ್ಕೋ." ಅತ್ತಿಗೆ ಚೀಲದಿಂದ ಎರಡು ಕಿತ್ತಳೆ ಬಣ್ಣದ ಜಾಕೆಟ್ ತೆಗೆದರು, ರಸ್ತೆ ಗುಡಿಸುವವರು ಹಾಕುವಂಥವು. "ಇದು ಮೈಮೇಲಿದ್ರೆ ನಮ್ಮನ್ನ ದೇವರೂ ಮಾತಾಡಿಸಲ್ಲ."

ಅತ್ತಿಗೆಯ ಮಾತು ನಿಜವಾಯಿತು. ಭಾನುವಾರ ಬೆಳಿಗ್ಗೆ ಇಬ್ಬರೂ ಹಾಡಹಗಲಲ್ಲೇ ನೆಲ ಅಗೆದರು, ಕಲ್ಲು ಆಯ್ದರು, ಚೆಂಡುಹೂವಿನ ಸಸಿ ಊರಿದರು. ಕೆಳಮನೆಯಾಕೆ, ದಿನಾ ಮೆಟ್ಟಿಲ ಮೇಲೆ ನಿಲ್ಲಿಸಿ ಕಾಲು ಗಂಟೆ ಮಾತಾಡಿಸುವವಳು, ಪಕ್ಕದಲ್ಲೇ ಹಾದುಹೋದಳು. ಜಾಕೆಟ್ ನೋಡಿದಳೇ ಹೊರತು ಮುಖ ನೋಡಲಿಲ್ಲ. ಒಬ್ಬ ಮುದುಕ, "ನಮ್ ಬೀದೀಲಿ ಚರಂಡಿ ಕಟ್ಕೊಂಡು ವಾರ ಆಯ್ತು, ಇಲ್ಲಿ ಹೂ ನೆಡ್ತೀರಾ?" ಎಂದು ಬೈದೂ ಹೋದ. ಅತ್ತಿಗೆಗೆ ನಗು ತಡೆಯಲಾಗಲಿಲ್ಲ. ಜೀವಮಾನದಲ್ಲೇ ಮೊದಲ ಸಲ ಯಾರ ಕಣ್ಣಿಗೂ ಹೆದರದೆ ಬೀದಿಯಲ್ಲಿ ನಿಂತ ನಾದಿನಿಗೂ ಒಳಗೊಳಗೇ ಖುಷಿಯಾಗಿತ್ತು.

ಮೂರನೆಯ ಭಾನುವಾರ ಪಿಕಾಸಿ ಪೈಪಿಗೆ ಬಿತ್ತು. ಬೀಸಿದವಳು ನಾದಿನಿಯೇ. ಮೊದಲು ಹಳೆಯ ಸೈಕಲ್ ಟ್ಯೂಬಿನ ಸುತ್ತು, ಅದರ ಮೇಲೆ ಬಿಗಿದ ತಂತಿ ಕಂಡಿತು. ಹಳೆಯ ಕಸವೇನೋ ಎಂದುಕೊಂಡು ಇನ್ನೊಂದು ಏಟು ಹಾಕಿದಳು. ನೀರು ಆಳೆತ್ತರ ಎದ್ದು ಇಬ್ಬರನ್ನೂ ತೋಯಿಸಿತು.

"ಸಾಮಾನು ಎತ್ಕೋ. ಓಡಬೇಡ, ನಡಿ," ಎಂದರು ಅತ್ತಿಗೆ. ಇಬ್ಬರೂ ಎತ್ತಿಕೊಂಡು ನಡೆದರು.

ಸೋಮವಾರ ಮೂರು ಬೀದಿಗೆ ನಲ್ಲಿಯಲ್ಲಿ ನೀರಿಲ್ಲ. ನಾದಿನಿ ಬಸ್ಸಿಗೆ ಕಾಯುತ್ತಿದ್ದಾಗ ಎದುರುಗಡೆ ಪಾಲಿಕೆಯ ಮೇಸ್ತ್ರಿ ಆ ಬೀದಿಗಳನ್ನು ಗುಡಿಸುವಾಕೆಯನ್ನು ನಿಲ್ಲಿಸಿಕೊಂಡು ಎಲ್ಲರಿಗೂ ಕೇಳುವಂತೆ ಬೈಯುತ್ತಿದ್ದ.

"ಕಿತ್ತಳೆ ಜಾಕೆಟ್ ಹಾಕ್ಕೊಂಡ ಇಬ್ಬರು ಹೆಂಗಸರು ಅಗೀತಿದ್ರು ಅಂತ ಇಡೀ ಬೀದಿ ಹೇಳ್ತಿದೆ. ಈ ಭಾಗದಲ್ಲಿ ಭಾನುವಾರ ಡ್ಯೂಟಿ ಯಾರದ್ದು? ನಿನ್ನದು. ಜೊತೆಗೆ ಯಾರನ್ನ ಕರ್ಕೊಂಡಿದ್ದೆ?"

"ನಾನಲ್ಲ ಸಾರ್."

"ಮತ್ತೆ ಆ ಹೊತ್ತಲ್ಲಿ ನೀನೆಲ್ಲಿದ್ದೆ? ಕಸದ ಗಾಡಿ ಒಂದೇ ನಿಂತಿತ್ತಂತಲ್ಲ."

ಗುಡಿಸುವಾಕೆ ಪೊರಕೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. ಉತ್ತರ ಗೊತ್ತಿದ್ದದ್ದು ಬಸ್ಸಿಗೆ ಕಾಯುತ್ತಿದ್ದ ನಾದಿನಿಗೆ. ತಂಗುದಾಣದ ಹಿಂದಿನ ಓಣಿಯಲ್ಲಿ ಗುಡಿಸುವಾಕೆಯ ಒಂದು ಕೋಣೆಯ ಮನೆ. ಆಗಾಗ ಗಾಡಿ ಬಿಟ್ಟು ಒಳಗೆ ಹೋಗಿ, ಹಾಸಿಗೆ ಹಿಡಿದ ತಾಯಿಯ ಮಗ್ಗುಲು ಬದಲಿಸಿ ಬರುತ್ತಿದ್ದಳು. ತೆರೆದ ಬಾಗಿಲಿನಿಂದ ಎಷ್ಟೋ ದಿನ ಅದು ಕಂಡಿತ್ತು. ಕೆಲಸದ ಹೊತ್ತಲ್ಲಿ ಮನೆಗೆ ಹೋಗಿದ್ದೆ ಎಂದು ಬಾಯಿಬಿಟ್ಟರೆ ಅದೇ ಇನ್ನೊಂದು ತಪ್ಪು.

"ನಾಳೆಯಿಂದ ಕಸದ ಗುಡ್ಡಕ್ಕೆ ಹೋಗು. ಊರಾಚೆ ಇದ್ದರೆ ಬುದ್ಧಿ ಬರುತ್ತೆ," ಎಂದ ಮೇಸ್ತ್ರಿ.

ಗುಡಿಸುವಾಕೆ ತಲೆ ಎತ್ತಿ ಓಣಿಯ ಕಡೆ ನೋಡಿದಳು. ನಾದಿನಿ ಆಕೆಯ ಮುಖ ನೋಡಿದ್ದು ಅಂದೇ ಮೊದಲು. ಇಷ್ಟು ವರ್ಷ ಅವಳೂ ಜಾಕೆಟ್ಟನ್ನೇ ನೋಡಿದ್ದಳು.

ಸಂಜೆ ಅಡುಗೆಮನೆಯಲ್ಲಿ ಅತ್ತಿಗೆಗೆ ಹೇಳಿದಳು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತಲ್ಲ," ಎಂದು ಅತ್ತಿಗೆ ನಿಜವಾಗಿಯೂ ನೊಂದುಕೊಂಡರು. ಆಮೇಲೆ ಒಲೆ ಸಣ್ಣ ಮಾಡಿ ಹತ್ತಿರ ಬಂದರು. "ಆದ್ರೆ ನೋಡು, ನಾನು ಶಾಲೆ ಟೀಚರು. ಪಾಲಿಕೆ ಪೈಪ್ ಒಡೆದು ಓಡಿದ್ಲು ಅಂದ್ರೆ ನಮ್ಮ ಹೆಡ್ ಮೇಡಂ ಒಂದು ಗಳಿಗೆ ಇಟ್ಕೊಳ್ಳಲ್ಲ. ನಿನ್ನಣ್ಣಂಗೂ ಗೊತ್ತಿಲ್ಲ. ಸ್ವಲ್ಪ ಆರ್ಲಿ. ನಾನೇ ಏನಾದ್ರೂ ದಾರಿ ಹುಡುಕ್ತೀನಿ. ನನ್ನ ಹೆಸರು ಮಾತ್ರ ಎತ್ತಬೇಡ, ನಿನ್ನ ದಮ್ಮಯ್ಯ."

ದಂಡನಾಯಕಿಯ ಬಾಯಲ್ಲಿ ದಮ್ಮಯ್ಯ ಎಂಬ ಮಾತನ್ನು ಅವಳು ಎಂದೂ ಕೇಳಿರಲಿಲ್ಲ. ಎತ್ತುವುದಿಲ್ಲ ಎಂದು ಮಾತು ಕೊಟ್ಟಳು.

ಮರುದಿನ ಪ್ರೆಸ್ಸಿಗೆ ಅರ್ಧ ದಿನ ರಜೆ ಹೇಳಿ ಪಾಲಿಕೆಯ ವಾರ್ಡ್ ಕಚೇರಿಗೆ ಹೋದಳು. ಒಗೆದು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಯಾಕೆ ಅದನ್ನೇ ಆರಿಸಿದೆನೋ ಎಂದು ದಾರಿಯುದ್ದಕ್ಕೂ ಅನ್ನಿಸಿತು. ಮೇಸ್ತ್ರಿ ಕುರ್ಚಿ ಎಳೆದು ಕೂರಿಸಿದ, ಟೀ ತರಿಸಿದ. ಪೈಪು ಒಡೆದದ್ದು ನಾನು ಎಂದು ಅವಳು ಹೇಳಿದಾಗ ತಲೆಯಾಡಿಸುತ್ತ ನಕ್ಕ.

"ಅವಳು ನಿಮ್ಮ ಮನೆಗೆ ಬಂದು ಅತ್ತಳಾ ಮೇಡಂ? ನಿಮ್ಮಂಥ ಒಳ್ಳೆಯವರನ್ನ ಕಂಡ್ರೆ ಇವರು ಹೀಗೇ ಹಿಡ್ಕೊಳ್ತಾರೆ. ನೀವು ಪಿಕಾಸಿ ಹಿಡಿಯೋದಾ? ಒಳ್ಳೆ ಕಥೆ."

"ಇಲ್ಲ, ನಿಜವಾಗ್ಲೂ ನಾನೇ."

"ಆಯ್ತು ಆಯ್ತು. ನಿಮ್ಮ ಮನಸ್ಸು ದೊಡ್ಡದು. ಟೀ ಆರುತ್ತೆ, ತಗೊಳ್ಳಿ."

ಅವಳು ಟೀ ಎತ್ತಿಕೊಂಡಳು. ಎದೆಯ ಮೇಲಿಂದ ಕಲ್ಲು ಜಾರಿದಂತಾಯಿತು. ಹೇಳಬೇಕಾದ್ದು ಹೇಳಿಯಾಯಿತು, ಅವನು ನಂಬಲಿಲ್ಲ, ಇನ್ನೇನು ಮಾಡಲಿ. ಅತ್ತಿಗೆಗೆ ಕೊಟ್ಟ ಮಾತೂ ಉಳಿಯಿತು. ಕೊನೆಯ ಗುಟುಕಿನವರೆಗೂ ಹಾಗೇ ಯೋಚಿಸುತ್ತ ಕೂತಳು. ಪಿಕಾಸಿ ತಗುಲಿದಾಗ ಕಂಡದ್ದನ್ನು ಹೇಳಿದ್ದರೆ ಸಾಕಿತ್ತು, ಅವನು ನಂಬದೆ ಬೇರೆ ದಾರಿಯಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಲೋಟ ಕೆಳಗಿಟ್ಟು, ನಮಸ್ಕಾರ ಹೇಳಿ ಎದ್ದಳು.

ಬಾಗಿಲ ಹೊರಗೆ ಬೆಂಚಿನ ಮೇಲೆ ಗುಡಿಸುವಾಕೆ ಕೂತಿದ್ದಳು, ವರ್ಗಾವಣೆಯ ಆದೇಶಕ್ಕೆ ಕಾಯುತ್ತ. ಒಳಗಿನ ಮಾತೆಲ್ಲ ಹೊರಗೆ ಕೇಳುವಷ್ಟು ತೆಳ್ಳಗಿನ ಗೋಡೆ.

"ಟೀ ಚೆನ್ನಾಗಿತ್ತಾ ಅಕ್ಕಾ?" ಎಂದಳು.

ಇವಳು ಮೆಟ್ಟಿಲ ಕಡೆ ಇಟ್ಟ ಹೆಜ್ಜೆ ಹಿಂದಕ್ಕೆ ತೆಗೆದಳು.

"ನಮಗೆ ಇಲ್ಲಿ ಯಾರೂ ಕೊಡಲ್ಲ, ಅದಕ್ಕೆ ಕೇಳ್ದೆ. ನಿಮ್ಮ ಕೈಕಾಲು ಹಿಡಿದು ಸುಳ್ಳು ಹೇಳ್ಸಿದ್ದು ನಾನು ಅಂತ ಈಗ ಅದೊಂದು ಬೇರೆ ನನ್ನ ತಲೆ ಮೇಲೆ. ಸುಮ್ನೆ ಮನೇಲಿದ್ದಿದ್ರೂ ಆಗ್ತಿತ್ತು."

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಸಿಟ್ಟಾಗಿದ್ದರೆ ಇವಳು ಹೇಗೋ ತಡೆದುಕೊಂಡು ಮೆಟ್ಟಿಲಿಳಿದು ಹೋಗುತ್ತಿದ್ದಳು. ತಿರುಗಿ ಒಳಗೆ ಹೋದಳು.

"ಪೈಪಿಗೆ ಸೈಕಲ್ ಟ್ಯೂಬು ಸುತ್ತಿತ್ತು," ಎಂದಳು. "ಮೇಲೆ ತಂತಿ. ತಂತಿಯ ತುದಿ ಎಡಗಡೆಗೆ ಮಡಚಿತ್ತು. ನಾನು ಎರಡು ಏಟು ಹಾಕಿದೆ."

ಮೇಸ್ತ್ರಿಯ ಮುಖದ ನಗು ಹೋಯಿತು. ಆ ಟ್ಯೂಬು ಸುತ್ತಿಸಿದ್ದು ಅವನೇ. ಹೊಸ ಪೈಪ್ ಹಾಕಿಸಿದೆ ಎಂದು ಮೇಲಿನವರಿಗೆ ಹೇಳಿದ್ದೂ ಅವನೇ. ಕುರ್ಚಿ ಅಲ್ಲೇ ಇತ್ತು, ಈ ಸಲ ಕೂತ್ಕೊಳ್ಳಿ ಎನ್ನಲಿಲ್ಲ.

"ಸರಿ. ಒಬ್ಬರು ನೀವು ಅಂತಾಯ್ತು. ನೋಡಿದವರು ಇಬ್ಬರು ಅಂತಾರೆ. ನಿಮಗೆ ಜಾಕೆಟ್ ಕೊಟ್ಟು, ಜೊತೆಗೆ ನಿಂತು ಅಗೆದವಳು ಇವಳೇ ತಾನೆ? ಅದಕ್ಕೇ ಬಾಯಿ ಬಿಡ್ತಿಲ್ಲ."

"ಅವರಲ್ಲ."

"ಮತ್ಯಾರು?"

ಅವಳು ಮೇಜಿನ ಅಂಚು ಹಿಡಿದಳು. ಬಾಗಿಲಲ್ಲಿ ಗುಡಿಸುವಾಕೆ ಬಂದು ನಿಂತದ್ದು ತಿರುಗದೆಯೇ ಗೊತ್ತಾಯಿತು. ಸುಳ್ಳು ಹೆಸರೊಂದನ್ನು ಹೇಳಿಬಿಡಲೇ ಎಂದು ಹುಡುಕಿದಳು. ಯಾವ ಹೆಸರು ಹೇಳಿದರೂ ಯಾರಾದರೊಬ್ಬರ ಮನೆಯ ಬಾಗಿಲು ಬಡಿಯುತ್ತಾರೆ.

"ನಮ್ಮ ಅತ್ತಿಗೆ," ಎಂದಳು. ಮೇಸ್ತ್ರಿ ಸರಿಯಾಗಿ ಹೇಳಿ ಎಂದ. ಇನ್ನೊಮ್ಮೆ ಹೇಳಿದಳು, ಶಾಲೆ ಯಾವುದೆಂದೂ ಹೇಳಿದಳು.

ಅವನು ಫೋನ್ ಎತ್ತಿದ. ಅತ್ತಿಗೆ ಬರುವವರೆಗೂ ಹೊರಗಿರಿ ಎಂದು ಕೈಯಲ್ಲೇ ತೋರಿಸಿದ. ಗುಡಿಸುವಾಕೆಗೆ, "ನೀನು ಹೋಗು, ನಿನ್ನ ಬೀದಿ ನೋಡ್ಕೋ," ಎಂದ. ಆಕೆ ಇವಳ ಕಡೆ ನೋಡದೆ, ಚಪ್ಪಲಿ ಮೆಟ್ಟಿಕೊಂಡು, ಬೇಗ ಬೇಗ ಇಳಿದುಹೋದಳು.

ಬೆಂಚು ಇನ್ನೂ ಬೆಚ್ಚಗಿತ್ತು. ಅವಳು ಅಲ್ಲೇ ಕೂತಳು. ಸ್ವಲ್ಪ ಹೊತ್ತಿಗೆ ಕೆಳಗೆ ಆಟೋ ನಿಂತಿತು; ಪರಿಚಿತ ಹೆಜ್ಜೆ ಮೆಟ್ಟಿಲೇರಿ ಬಂತು, ಮೊದಲು ಅವಸರದಲ್ಲಿ, ಕೊನೆಯ ಕೆಲವು ಮೆಟ್ಟಿಲು ನಿಧಾನವಾಗಿ. ಹೆಜ್ಜೆ ಅವಳ ಮುಂದೆ ಬಂದು ನಿಂತಿತು. ಅವಳು ತಲೆ ಎತ್ತಲಿಲ್ಲ.