ವಾಯಿದೆ ಮೇಜರ್

ಕೌಸ್ತುಭ್ ಅಜ್ಜನ ಕೋಟಿಗೆ ಪದಕ ಚುಚ್ಚುತ್ತಿದ್ದಾಗ ಕಮಲಾಕ್ಷಿ ಅವನ ಕೈ ಹಿಡಿದರು.

"ಬೇಡ ಮಗಾ, ತೆಗಿ."

"ವೈ, ಅಜ್ಜಿ? ಹಿ ವಾಸ್ ಇನ್ ಎ ವಾರ್!"

"ಯುದ್ಧಕ್ಕೆ ಹೋದೋರಿಗೆಲ್ಲ ಅದನ್ನ ಕೊಟ್ಟಿದ್ರು. ಜೇಬಲ್ಲಿಟ್ಕೋ."

ಪರದೇಶದಲ್ಲಿ, ಪಾರ್ಕ್‌ಲ್ಯಾಂಡ್ಸ್ ಬಡಾವಣೆಯ ಫ್ಲಾಟಿನಲ್ಲಿ ಮೇಜರ್ ನರಸಿಂಹ ಹಾಲ್‌ನ ನಡುವೆ ಮಲಗಿದ್ದರು. ಎಂಬತ್ತೇಳರ ಜೀವ, ನಿದ್ದೆಯಲ್ಲೇ ಹೋಗಿತ್ತು. ಅಂಥ ಸಾವಿಗೆ ಯಾರೂ ಎದೆ ಬಡಿದುಕೊಳ್ಳುವುದಿಲ್ಲ. ಅವರ ಹೆಂಡತಿ ಕಮಲಾಕ್ಷಿಯ ಸಂಕಟ ಬೇರೆ. ಕನ್ನಡ ಸಂಘದ ವಾಟ್ಸಾಪಿನಲ್ಲಿ ಸುದ್ದಿ ನೋಡಿ ಬೆಳಿಗ್ಗೆ ಯಾರೋ ಫೋನ್ ಮಾಡಿದ್ದರು.

"ನಾ ಈರಣ್ಣರೀ. ಇದ ಊರಾಗ, ಸೌತ್ ಬಿ ಏರಿಯಾದಾಗ ಮಗನ ಮನ್ಯಾಗ ಇರ್ತೀನಿ. ಎಪ್ಪತ್ತೊಂದರಾಗ ಸಾಹೇಬ್ರ ಕಂಪನ್ಯಾಗ ಸಿಪಾಯಿ ಇದ್ನಿ. ಮಣ್ಣಿಗೆ ಬರ್ತೀನಿ. ಮಂದಿ ಮುಂದ ಒಂದು ಮಾತು ಹೇಳೂದೈತಿ."

"ಏನು ಹೇಳ್ತಾನೋ!" ಕಮಲಾಕ್ಷಿ ಮಗಳ ಕಿವಿಯಲ್ಲಿ ಪಿಸುಗುಟ್ಟಿದರು. "ನಿನ್ನ ಮಗನ ಎದುರಿಗೆ ಇವರ ಮರ್ಯಾದೆ ತೆಗೆದ್ರೆ?"

"ಅಮ್ಮಾ, ರಿಲ್ಯಾಕ್ಸ್," ಎಂದಳು ಪ್ರೇರಣಾ.

*

ನರಸಿಂಹ ಮೊದಲು ಕಾರವಾರದಲ್ಲಿ ವಕೀಲರು. ಗೋವಾ ಇನ್ನೂ ಪೋರ್ಚುಗೀಸರ ಕೈಲಿದ್ದ ಕಾಲ. ಗಡಿ ದಾಟಿ ಬಂದ ಕಳ್ಳಮಾಲಿನ ಕೇಸುಗಳೇ ಅವರಿಗೆ ಅನ್ನ. ವಾದಕ್ಕಿಂತ ವಾಯಿದೆ ಕೇಳುವುದರಲ್ಲಿ ಅವರದು ಎತ್ತಿದ ಕೈ. ಇನ್ನೊಂದು ತಾರೀಕು ಸಿಕ್ಕಿದರೆ ಅರ್ಧ ಕೇಸು ಗೆದ್ದಂತೆ ಎನ್ನುತ್ತಿದ್ದರು. ಚೀನಾ ಯುದ್ಧವಾದಾಗ ಕರಿಕೋಟು ಗೂಟಕ್ಕೆ ತಗುಲಿಹಾಕಿ ಸೈನ್ಯ ಸೇರಿದರು.

ಎಪ್ಪತ್ತೊಂದರ ಡಿಸೆಂಬರಿನಲ್ಲಿ ಪಶ್ಚಿಮದ ಗಡಿಯಲ್ಲಿ ಒಂದು ಕಂಪನಿ ಅವರ ಕೈಕೆಳಗಿತ್ತು. ಎದುರಿನ ದಿಬ್ಬವನ್ನು ಅಂದೇ ಹಿಡಿಯಬೇಕೆಂದು ಆಜ್ಞೆ ಬಂತು. ನಡುವೆ ಖಾಲಿ ಬಯಲು. ಅಲ್ಲಿ ನೆಲಬಾಂಬ್ ಇದೆಯೆಂದು ನರಸಿಂಹರಿಗೆ ಗುಮಾನಿ, ಆದರೆ ಪುರಾವೆ ಇಲ್ಲ. ವೈರ್‌ಲೆಸ್ಸಿನಲ್ಲಿ ನಾಳೆಯವರೆಗೆ ವಾಯಿದೆ ಕೇಳಿದರು. ಮೇಲಿನವರು ಬೈದರು. ಇವರು ಮತ್ತೆ ಕೇಳಿದರು. ಮರುದಿನ ಕದನವಿರಾಮವಾಯಿತು. ದಿಬ್ಬ ಆಚೆಯವರಿಗೇ ಉಳಿಯಿತು, ಇವರ ಬಡ್ತಿ ನಿಂತಿತು, ಮೆಸ್ಸಿನಲ್ಲಿ 'ವಾಯಿದೆ ಮೇಜರ್' ಎಂಬ ಹೆಸರು ಬಿತ್ತು.

"ಅದು ಬುದ್ಧಿಯೋ, ಪುಕ್ಕಲುತನವೋ, ನನಗೇ ಗೊತ್ತಿಲ್ಲ ಕಮಲಾ," ಎಂದು ಒಮ್ಮೆ ಹೇಳಿದ್ದರು. ಆಮೇಲೆ ಆ ಮಾತು ಎತ್ತಲಿಲ್ಲ. ಕಮಲಾಕ್ಷಿಯೂ ಕೆದಕಲಿಲ್ಲ, ಹೆದರಿಕೆಯಿಂದ.

*

ಸ್ಮಶಾನದಲ್ಲಿ ಬಾಯಿಗೆ ಅಕ್ಕಿಕಾಳು ಹಾಕಲು ಮನೆಯವರೆಂದು ಇದ್ದದ್ದು ಮೂವರೇ. ಅದು ಮುಗಿಯುವಷ್ಟರಲ್ಲಿ ಗೇಟಿನ ಬಳಿ ಬಾಡಿಗೆಯ ಮಟಾಟು ವ್ಯಾನು ಬಂದು ನಿಂತಿತು. ಕೋಲೂರಿಕೊಂಡು ಈರಣ್ಣ ಇಳಿದರು. ಹಿಂದೆ ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಇಳಿಯುತ್ತಲೇ ಇದ್ದರು.

ಈರಣ್ಣ ಮೇಜರರಿಗೆ ಸೆಲ್ಯೂಟ್ ಹೊಡೆದು ಜನರತ್ತ ತಿರುಗಿದರು. ಕಮಲಾಕ್ಷಿ ಮಗಳ ತೋಳು ಹಿಡಿದುಕೊಂಡರು.

"ಆವತ್ತು ಮೊದಲನೇ ಸಾಲಿನ್ಯಾಗ ನಾ ಇದ್ನಿ. ಯುದ್ಧ ನಿಂತ ಮ್ಯಾಲ ಆ ಬಯಲಾಗ ಒಂದು ಎಮ್ಮಿ ಹೊಕ್ತು. ನಾಕ ಹೆಜ್ಜಿ ಇಡಲಿಲ್ಲ, ಛಿದ್ರ ಆತು. ಅಷ್ಟರಾಗ ಸಾಹೇಬ್ರಿಗೆ ವರ್ಗಾ ಆಗಿತ್ತು. ಹೇಳಬೇಕಂತ ಭಾಳ ಹುಡುಕಿದ್ನಿ, ಸಿಗಲಿಲ್ಲ. ಅವರು ಬೈಸ್ಕೊಂಡ್ರು, ನಾವು ಬದುಕಿದ್ವಿ."

ಆಮೇಲೆ ಕಮಲಾಕ್ಷಿಗೆ ಕೈಮುಗಿದರು. "ಅಕ್ಕಾರ, ಅಕ್ಕಿ ಹಾಕೂದು ಮನಿ ಮಂದಿ ಅಂತಾರ. ನಮಗೂ ಒಂದೊಂದು ಕಾಳು ಕೊಡ್ತೀರೇನ್ರಿ?"

ಇಷ್ಟು ವರ್ಷ ಎದೆಯ ಮೇಲಿದ್ದ ಕಲ್ಲು ಇಳಿದು ಕಮಲಾಕ್ಷಿಗೆ ಅಳು ಒತ್ತರಿಸಿ ಬಂತು. ಇವರಿಗೂ ಇದು ತಿಳಿದಿದ್ದರೆ ಎಂದುಕೊಂಡರು. ಮೊಮ್ಮಗನತ್ತ ನೋಡಿದರು. ಅವನು ಯಾರೂ ಹೇಳದೆಯೇ ಜೇಬಿಗೆ ಕೈಹಾಕಿ ಪದಕ ತೆಗೆದು ಅಜ್ಜನ ಕೋಟಿನತ್ತ ನಡೆದ.

"ತಯಾರಿ, ಮಾಮಾ?" ಸ್ಮಶಾನದ ಕೆಲಸಗಾರ ಬಂದು, ಸಿದ್ಧವೇ ಅಮ್ಮಾ ಎಂದು ತನ್ನ ಭಾಷೆಯಲ್ಲಿ ಕೇಳಿದ.

"ಬಾಡೋ, ಬಾಡೋ." ಇನ್ನೂ ಇಲ್ಲವೆಂದು ಅವನದೇ ಮಾತಿನಲ್ಲಿ ತಡೆದ ಕಮಲಾಕ್ಷಿ ಕೈ ಅಡ್ಡ ಹಿಡಿದು, ಕಣ್ಣೀರಲ್ಲೇ ನಕ್ಕುಬಿಟ್ಟರು. "ಇನ್ನೂ ಸ್ವಲ್ಪ ವಾಯಿದೆ ಕೊಡಪ್ಪ."

ಅಕ್ಕಿಯ ತಟ್ಟೆ ಹಿಡಿದು ನಿಂತರು. ಸಾಲು ಗೇಟಿನವರೆಗೂ ಇತ್ತು. ಕೊನೆಯಲ್ಲಿ ಈರಣ್ಣನ ಮರಿಮಗಳು ತಾಯಿಯ ಸೊಂಟದ ಮೇಲೆ ಕೂತು ಬಂದಳು. ಕೊಟ್ಟ ಕಾಳನ್ನು ತನ್ನ ಬಾಯಿಗೇ ಹಾಕಿಕೊಂಡಳು. ತಾಯಿ ಗಾಬರಿಯಾಗಿ ಬೆರಳು ಹಾಕಿ ತೆಗೆಯಹೋದಳು.

"ತಿನ್ಲಿ ಬಿಡು," ಎಂದು ಕಮಲಾಕ್ಷಿ ಮಗುವಿನ ಅಂಗೈಗೆ ಇನ್ನೊಂದು ಕಾಳು ಇಟ್ಟರು.